ಬದಿಯಡ್ಕದಿಂದ ವಿದ್ಯಾನಗರದವರೆಗೆ: ದಾರಿಬದಿಯ ತಿಂಡಿ ಅಂಗಡಿಗಳು

ಬದಿಯಡ್ಕ ಪೇಟೆಯಿಂದ ಚೆರ್ಕಳದ ಮೂಲಕ ಕಾಸರಗೋಡಿಗೆ ಸುಮಾರು ಇಪ್ಪತ್ತು ಕಿಲೋಮೀಟರುಗಳ ದಾರಿ. ಜಿಲ್ಲಾ ನ್ಯಾಯಾಲಯವಿರುವ ವಿದ್ಯಾನಗರ ಅದಕ್ಕಿಂತ ತುಸು ಈಚೆಗೇ ಸಿಗುತ್ತದೆ. ವಾರದ ಐದು ದಿನ ಈ ದಾರಿಯಲ್ಲಿ ಬಸ್ಸಿನಲ್ಲಿ ಹೋಗಿಬರುವುದು ನನ್ನ ವಾಡಿಕೆ. ಮನೆಯಲ್ಲಿ ಕಾರು ಇಲ್ಲವೆಂದಲ್ಲ. ಬಸ್ಸಿನಲ್ಲಿ ಕುಳಿತರೆ ಕಡತವನ್ನೂ ಓದಬಹುದು, ಕಿಟಕಿಯಿಂದ ಕಕ್ಷಿದಾರರ ಊರುಗಳನ್ನೂ ಓದಬಹುದು. ಕೆಂಪು ಮುರಕಲ್ಲಿನ ದರೆ, ಅಡಿಕೆ ತೋಟ, ರಬ್ಬರು, ಗೇರುಗುಡ್ಡೆ, ನಡುನಡುವೆ ಒಂದೊಂದು ಪೇಟೆ. ಎಡನೀರು ಬಂದಾಗ ವಕೀಲನಾದವನು ಒಮ್ಮೆ ಕತ್ತೆತ್ತಿ ನೋಡದೆ ಇರಲಾರ. 1973ರ ಏಪ್ರಿಲ್ 24ರಂದು ಹದಿಮೂರು ನ್ಯಾಯಮೂರ್ತಿಗಳ ಪೀಠವು, ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವ ಅಧಿಕಾರ ಸಂಸತ್ತಿಗೂ ಇಲ್ಲವೆಂದು ಸಾರಿದ್ದು ಇಲ್ಲಿಯ ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಅರ್ಜಿಯ ಮೇಲೆಯೇ. ದೇಶದ ಕಾನೂನು ಕಾಲೇಜುಗಳಲ್ಲೆಲ್ಲ ಓದುವ ಪ್ರಕರಣದ ಊರು, ನಮ್ಮ ಬಸ್ಸಿಗೆ ಅರ್ಧ ನಿಮಿಷದ ನಿಲುಗಡೆ.

ಈಚಿನ ದಿನಗಳಲ್ಲಿ ನನ್ನ ಕಣ್ಣು ಹೋಗುವುದು ಬೇರೊಂದು ಕಡೆಗೆ. ತಿನ್ನುವುದನ್ನು ಮಾರುವ ಅಂಗಡಿಗಳನ್ನು ನೋಡುತ್ತಾ ಬರುತ್ತೇನೆ. ಬೇಕರಿ, ಕೂಲ್‌ಬಾರ್, ಚಿಪ್ಸ್ ಕರಿಯುವ ಅಂಗಡಿ, ಸಂಜೆಗೆ ಮಾತ್ರ ತೆರೆಯುವ ತಟ್ಟುಕಡೆ, ಶವರ್ಮದ ಕಂಬ ತಿರುಗುವ ಹೋಟೆಲು, ಮಂದಿ ಬಿರಿಯಾಣಿಯ ಫಲಕ, ಮತ್ತೆ ಬೇಕರಿ. ನಡುವೆ ತರಕಾರಿ ಅಂಗಡಿ ಇಲ್ಲವೆಂದಲ್ಲ, ಇದೆ. ಹಣ್ಣಿನ ಅಂಗಡಿಯೂ ಇದೆ; ಆದರೆ ಅದರ ಎದುರಿನ ಬೆಂಚಿನಲ್ಲಿ ಕುಳಿತವರ ಕೈಯಲ್ಲಿರುವುದು ಹಣ್ಣಲ್ಲ, ಐಸ್‌ಕ್ರೀಮು ಹಾಕಿ ಕಡೆದ ಹಾಲಿನ ಜ್ಯೂಸು. ಯಾವುದು ಎಷ್ಟು ಎಂಬ ಲೆಕ್ಕವನ್ನು ಇಲ್ಲಿ ಒಪ್ಪಿಸುವುದಿಲ್ಲ. ಓಡುವ ಬಸ್ಸಿನ ಕಿಟಕಿಯಿಂದ ಮಾಡಿದ ಎಣಿಕೆಯನ್ನು ಯಾವ ನ್ಯಾಯಾಲಯವೂ ಸಾಕ್ಷ್ಯವಾಗಿ ಸ್ವೀಕರಿಸದು. ಆದರೆ ಮಧ್ಯಾಹ್ನ ಹನ್ನೆರಡೂವರೆಗೆ ಹಸಿದು ಇಳಿದವನಿಗೆ ಈ ದಾರಿಯಲ್ಲಿ ಗಂಜಿಯೂ ಪಲ್ಯವೂ ಸಿಗುವ ಜಾಗಗಳನ್ನು ಬೆರಳು ಮಡಚಿ ಹೇಳಬಹುದು. ಮೈದಾ, ಸಕ್ಕರೆ, ಎಣ್ಣೆ ಈ ಮೂರೂ ಕೂಡಿದ್ದು ಸಿಗುವ ಜಾಗಗಳಿಗೆ ಬೆರಳು ಸಾಲವು.

ಹಳೆಯದೆಲ್ಲ ಒಳ್ಳೆಯದಿತ್ತೆಂಬ ವಾದವನ್ನು ನಾನು ಹೂಡುವುದಿಲ್ಲ. ನಮ್ಮ ಕಡೆಯ ಹೋಟ್ಲುಗಳ ಗೋಳಿಬಜೆಯೂ ಬನ್ಸೂ ಮೈದಾದ್ದೇ, ಎಣ್ಣೆಯಲ್ಲಿ ಕರಿದದ್ದೇ. ಚಹಾದ ಲೋಟದ ತಳದಲ್ಲಿ ಕರಗದ ಸಕ್ಕರೆ ಆಗಲೂ ಉಳಿಯುತ್ತಿತ್ತು. ವ್ಯತ್ಯಾಸ ಇದ್ದದ್ದು ಎರಡು ಕಡೆ. ಗೋಳಿಬಜೆಗೆ ಒಂದು ಹೊತ್ತು ಇತ್ತು, ಸಂಜೆ ನಾಲ್ಕು ಗಂಟೆ. ಬಾಣಲೆ ಇಳಿಸಿದ ಮೇಲೆ ಬೇಕೆಂದರೂ ಸಿಗುತ್ತಿರಲಿಲ್ಲ. ಅದನ್ನು ತಿನ್ನುತ್ತಿದ್ದವನು ಬೆಳಗ್ಗಿನಿಂದ ಅಡಿಕೆ ಮರ ಹತ್ತಿ ಇಳಿದವನೋ, ಗದ್ದೆಯಲ್ಲಿ ನೇಜಿ ನೆಟ್ಟವಳೋ ಆಗಿರುತ್ತಿದ್ದಳು. ಮನೆಯಲ್ಲಿ ಕುಚ್ಚಿಲಕ್ಕಿಯ ಗಂಜಿ, ಅದಕ್ಕೆ ಬಸಳೆಯೋ ಹರಿವೆಯೋ, ಸುಟ್ಟ ಮೀನೋ, ಉಪ್ಪಿನಕಾಯಿಯೋ. ಈಗ ಗದ್ದೆಗಳಲ್ಲಿ ಬಹಳಷ್ಟು ಅಡಿಕೆ ತೋಟಗಳಾದವು. ತೋಟದಲ್ಲಿ ಮರ ಹತ್ತುವವರು ಕಡಿಮೆಯಾಗಿ ಕಾರ್ಬನ್ ಫೈಬರಿನ ದೋಟಿ ಬಂತು. ನೆಲದ ಮೇಲೆ ನಿಂತೇ ಔಷಧಿ ಬಿಡುತ್ತಾರೆ, ಗೊನೆ ಕೊಯ್ಯುತ್ತಾರೆ. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರ ಪರಿಹಾರದ ಪ್ರಕರಣಗಳನ್ನು ನಡೆಸಿದ ನನಗೆ ದೋಟಿಯ ಮೇಲೆ ದೂರಿಲ್ಲ. ದೇಹದ ಖರ್ಚು ಇಳಿಯಿತು, ಆದಾಯ ಏರಿತು ಎಂಬ ಲೆಕ್ಕವನ್ನಷ್ಟೇ ಹೇಳುತ್ತಿದ್ದೇನೆ.

ಆ ಲೆಕ್ಕಕ್ಕೆ ಸರಕಾರದ್ದೇ ದಾಖಲೆ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕೇರಳದಲ್ಲಿ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 38.1 ಮಂದಿ ಅಧಿಕ ತೂಕದವರು ಅಥವಾ ಸ್ಥೂಲಕಾಯದವರು. ಅದಕ್ಕೆ ಹಿಂದಿನ, 2015-16ರ ಸಮೀಕ್ಷೆಯಲ್ಲಿ ಅದು ಶೇಕಡಾ 32.4 ಇತ್ತು. ಗಂಡಸರ ಲೆಕ್ಕ ಇನ್ನೂ ಬೇಗ ಏರಿದೆ: 28.5ರಿಂದ 36.4ಕ್ಕೆ. ಇಡೀ ದೇಶದ ಸರಾಸರಿ ಮಹಿಳೆಯರಲ್ಲಿ 24, ಗಂಡಸರಲ್ಲಿ 22.9. ಈ ಸಮೀಕ್ಷೆ ಹಿಡಿದ ಗೆರೆ ದೇಹದ ತೂಕ ಮತ್ತು ಎತ್ತರಗಳ ಅನುಪಾತ 25 ಎಂಬುದು. ನಮ್ಮ ದೇಶದವರಿಗೆ 23ರಿಂದಲೇ ಅಪಾಯ ಆರಂಭವೆಂದು ಭಾರತೀಯ ವೈದ್ಯರು ಹೇಳುತ್ತಾರೆ, ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ದಾಟಬಾರದೆನ್ನುತ್ತಾರೆ. ಆ ಗೆರೆ ಹಿಡಿದು ಅಳೆದರೆ ನಮ್ಮ ವಕೀಲರ ಸಂಘದ ಮಹಾಸಭೆಗೆ ಕೋರಂ ಆಗುವುದು ಕಷ್ಟ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಲ್ಲಿ ಕೇರಳದ ವಯಸ್ಕರಲ್ಲಿ ನಾಲ್ವರಿಗೊಬ್ಬರಂತೆ ಸಕ್ಕರೆ ಕಾಯಿಲೆ ಕಂಡುಬಂದಿದೆ. ನಮ್ಮ ನ್ಯಾಯಾಲಯದ ಆವರಣದಲ್ಲಿ ಇಪ್ಪತ್ತು ವರ್ಷ ಗುಮಾಸ್ತರಾಗಿದ್ದ ಒಬ್ಬರು ಕಳೆದ ಮಳೆಗಾಲದಲ್ಲಿ ಎಡಗಾಲಿನ ಎರಡು ಬೆರಳು ಕಳೆದುಕೊಂಡು ಮನೆಯಲ್ಲಿ ಕುಳಿತಿದ್ದಾರೆ. ಐವತ್ತೂ ದಾಟದ ಮನುಷ್ಯ. ಸಮೀಕ್ಷೆಯ ಶೇಕಡಾವಾರು ನನಗೆ ಅರ್ಥವಾದದ್ದು ಅವರ ಮನೆಯ ಚಾವಡಿಯಲ್ಲಿ.

ಬೇಕರಿಯೆಂಬುದು ಉತ್ತರ ಮಲಬಾರಿಗೆ ನಿನ್ನೆ ಬಂದದ್ದಲ್ಲ. 1880ರಲ್ಲಿ ತಲಶ್ಶೇರಿಯಲ್ಲಿ ಮಂಬಳ್ಳಿ ಬಾಪು ಎಂಬವರು ಬಿಸ್ಕತ್ತು ಕಾರ್ಖಾನೆ ತೆರೆದರು. 1883ರಲ್ಲಿ ಮರ್ಡಕ್ ಬ್ರೌನ್ ಎಂಬ ಬಿಳಿಯ ತೋಟಗಾರನಿಗೆ ಅವರು ಮಾಡಿಕೊಟ್ಟ ಕ್ರಿಸ್ಮಸ್ ಕೇಕನ್ನು ಭಾರತದ ಮೊದಲ ಕೇಕೆಂದು ತಲಶ್ಶೇರಿಯವರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಮುಂದೆ 1970ರ ದಶಕದಿಂದ ಕೊಲ್ಲಿಯ ಹಣ ಬಂತು, ಅದರ ಹಿಂದೆ ಕೊಲ್ಲಿಯ ಊಟವೂ ಬಂತು. ಅಲ್ಲಿ ಹೋಟೆಲುಗಳಲ್ಲಿ ದುಡಿದು ಬಂದವರು ಊರಿಗೆ ಮರಳಿ ಅದೇ ವಿದ್ಯೆಯಿಂದ ಬದುಕು ಕಟ್ಟಿಕೊಂಡರು. ಚೆರ್ಕಳದಲ್ಲಿ ರಾತ್ರಿ ಹತ್ತರ ಮೇಲೂ ಉರಿಯುವ ಅಲ್ಫಾಮಿನ ಕೆಂಡದ ಹಿಂದೆ ಒಬ್ಬ ತಂದೆಯ ಇಪ್ಪತ್ತೈದು ವರ್ಷದ ಪರದೇಶವಾಸವಿದೆ. ಅಂಥ ಅಂಗಡಿಗಳನ್ನು ಬೈದು ಲೇಖನ ಬರೆಯುವುದು ಸುಲಭ. ಅವರ ಸಾಲಪತ್ರ ಬರೆದುಕೊಟ್ಟವನಿಗೆ ಅದು ಅಷ್ಟು ಸುಲಭವಲ್ಲ.

ಇಷ್ಟಕ್ಕೂ ಅಂಗಡಿ ಇರುವುದರಿಂದ ಜನ ದಪ್ಪಗಾಗುತ್ತಾರೆಯೆ, ತಿನ್ನುವ ಜನ ಇರುವುದರಿಂದ ಅಂಗಡಿ ಬರುತ್ತದೆಯೆ? ಪಾಟೀಸವಾಲಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಹೊರದೇಶಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ, ಉತ್ತರ ನೇರವಾಗಿಲ್ಲ. ಅಮೆರಿಕದ ಲಾಸ್ ಏಂಜಲೀಸ್ ನಗರದ ದಕ್ಷಿಣ ಭಾಗದಲ್ಲಿ 2008ರಲ್ಲಿ ಹೊಸ ಫಾಸ್ಟ್‌ಫುಡ್ ಅಂಗಡಿಗಳನ್ನು ನಿರ್ಬಂಧಿಸಿದರು. ವರ್ಷಗಳ ಬಳಿಕ ನೋಡಿದರೆ ಅಲ್ಲಿ ಸ್ಥೂಲಕಾಯ ಇಳಿದಿರಲಿಲ್ಲ. ನಗರದ ಇತರ ಭಾಗಗಳಿಗಿಂತ ಹೆಚ್ಚೇ ಏರಿತ್ತು. ಇದ್ದ ಅಂಗಡಿಗಳು ಇದ್ದೇ ಇದ್ದವು, ಸಣ್ಣ ಅಂಗಡಿಗಳಿಗೆ ನಿಯಮ ತಗಲಲಿಲ್ಲ. ಫಿಲಡೆಲ್ಫಿಯಾದಲ್ಲಿ ಬಡವರ ಬಡಾವಣೆಯೊಂದಕ್ಕೆ ದೊಡ್ಡ ತರಕಾರಿ-ದಿನಸಿ ಮಳಿಗೆ ತಂದುಕೊಟ್ಟರು. ಹತ್ತಿರ ಮಳಿಗೆ ಬಂತೆಂದು ಜನ ಸಂತೋಷಪಟ್ಟರು. ತಿನ್ನುವ ಹಣ್ಣು-ತರಕಾರಿಯ ಪ್ರಮಾಣ ಬದಲಾಗಲಿಲ್ಲ, ತೂಕವೂ ಬದಲಾಗಲಿಲ್ಲ. ಇನ್ನೊಂದು ಕಡೆ, 2014ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಕೇಂಬ್ರಿಡ್ಜ್ ಪ್ರಾಂತದ ಅಧ್ಯಯನ ಇದೆ. ಐದು ಸಾವಿರಕ್ಕೂ ಹೆಚ್ಚು ದುಡಿಯುವ ವಯಸ್ಕರನ್ನು ಹಿಡಿದು, ಮನೆಯ ಹತ್ತಿರ ಎಷ್ಟು, ಕೆಲಸದ ಜಾಗದ ಹತ್ತಿರ ಎಷ್ಟು, ನಡುವಿನ ದಾರಿಯಲ್ಲಿ ಎಷ್ಟು ಕಟ್ಟಿಕೊಡುವ ತಿಂಡಿಯ ಅಂಗಡಿಗಳಿವೆ ಎಂದು ಲೆಕ್ಕ ಹಾಕಿದರು. ಅತಿ ಹೆಚ್ಚು ಅಂಗಡಿಗಳ ನಡುವೆ ದಿನ ಕಳೆಯುವವರಲ್ಲಿ ಸ್ಥೂಲಕಾಯದ ಸಂಭವ, ಅತಿ ಕಡಿಮೆ ಇರುವವರಿಗಿಂತ ಎರಡು ಪಟ್ಟಿಗೆ ಹತ್ತಿರವಿತ್ತು. ಸಂಬಂಧ ಗಟ್ಟಿಯಾಗಿ ಕಂಡದ್ದು ಕೆಲಸದ ಜಾಗದ ಸುತ್ತಲಿನ ಅಂಗಡಿಗಳಲ್ಲಿ.

ಇದರಿಂದ ಕಾರಣ ಸಾಬೀತಾಗುವುದಿಲ್ಲ. ಆದರೆ ಎಲ್ಲಿ ನೋಡಬೇಕೆಂಬುದು ಗೊತ್ತಾಗುತ್ತದೆ. ಮನೆಯ ಅಡುಗೆಮನೆಯ ಬಗ್ಗೆ ನಾವು ಸಾಕಷ್ಟು ಉಪದೇಶ ಮಾಡಿದ್ದೇವೆ, ಅದೂ ಹೆಂಗಸರಿಗೆ. ಮನೆ ಬಿಟ್ಟ ಮೇಲೆ, ಕೆಲಸದ ಜಾಗದಲ್ಲಿ, ಬಸ್ಸು ಕಾಯುವಾಗ, ಕಚೇರಿಯಲ್ಲಿ ಹೆಸರು ಕರೆಯುವವರೆಗೆ ಕಾಯುವಾಗ ಏನು ಸಿಗುತ್ತದೆ ಎಂಬುದು ಬೇರೆಯೇ ಅಧ್ಯಾಯ. ವಿದ್ಯಾನಗರ ಅಂಥ ಕಾಯುವ ಜನರ ಊರು. ಒಂದು ಕಡೆ ಜಿಲ್ಲಾಧಿಕಾರಿಗಳ ಕಚೇರಿ, ಇನ್ನೊಂದು ಕಡೆ ನ್ಯಾಯಾಲಯಗಳು. ಪೆರ್ಲದಿಂದ, ಮುಳ್ಳೇರಿಯದಿಂದ ಬೆಳಗ್ಗೆ ಏಳರ ಬಸ್ಸು ಹಿಡಿದ ಕಕ್ಷಿದಾರ ಹತ್ತೂವರೆಗೆ ಬಂದು ನಿಲ್ಲುತ್ತಾನೆ. ಪ್ರಕರಣ ಕರೆಯುವುದು ಹನ್ನೊಂದಕ್ಕೋ ಮೂರಕ್ಕೋ ಯಾರಿಗೂ ತಿಳಿಯದು. ಹೊರಗೆ ಹೋಗಿ ಕುಳಿತು ಉಂಡು ಬರುವಷ್ಟರಲ್ಲಿ ಹೆಸರು ಕೂಗಿದರೆ? ಹಾಗಾಗಿ ಅವನು ಉಣ್ಣುವುದಿಲ್ಲ, ತಿನ್ನುತ್ತಾನೆ. ಹನ್ನೊಂದಕ್ಕೆ ಚಹಾ ಮತ್ತು ಪಫ್ಸ್, ಒಂದೂವರೆಗೆ ಲಿಂಬೆ ಸೋಡ ಮತ್ತು ಪಳಂಪೊರಿ, ಮೂರೂವರೆಗೆ ಮತ್ತೆ ಚಹಾ, ಕ್ರೀಮು ತುಂಬಿದ ಬನ್ನು. ನಾಲ್ಕಕ್ಕೆ ಮುಂದಿನ ದಿನಾಂಕ. ರಾತ್ರಿ ಮನೆಗೆ ಮುಟ್ಟಿದ ಮೇಲೆ, ಬೆಳಗ್ಗಿನಿಂದ ಏನೂ ಉಂಡಿಲ್ಲವೆಂದು ಹೊಟ್ಟೆ ತುಂಬ ಅನ್ನ. ಅವನ ಮಾತು ಸುಳ್ಳಲ್ಲ, ಉಂಡಿರಲಿಲ್ಲ.

ಸಕ್ಕರೆಯ ಒಂದು ಗ್ರಾಮಿಗೆ ನಾಲ್ಕು ಕ್ಯಾಲರಿ, ಎಣ್ಣೆಯ ಒಂದು ಗ್ರಾಮಿಗೆ ಒಂಬತ್ತು. ದಿನಕ್ಕೆ ನಾಲ್ಕು ಚಹಾ, ಲೋಟಕ್ಕೆ ಎರಡು ಚಮಚ ಸಕ್ಕರೆ, ಚಮಚಕ್ಕೆ ಐದು ಗ್ರಾಮು ಹಿಡಿದರೂ ನಲ್ವತ್ತು ಗ್ರಾಮು, 160 ಕ್ಯಾಲರಿ. ಕಕ್ಷಿದಾರ ತಿಂಗಳಿಗೊಮ್ಮೆ ಬಂದು ಹೋಗುತ್ತಾನೆ. ಗುಮಾಸ್ತ, ಪೇದೆ, ಟೈಪು ಮಾಡುವಾಕೆ, ಮುದ್ರಾಂಕ ಮಾರುವವರು, ಕಿರಿಯ ವಕೀಲರು ದಿನವೂ ಇಲ್ಲೇ ಇರುವವರು. ಇಡೀ ದೇಶದ ಮನೆಖರ್ಚಿನ ಸಮೀಕ್ಷೆಯೂ ಇದೇ ಕಥೆ ಹೇಳುತ್ತದೆ: 2022-23ರಲ್ಲಿ ಹಳ್ಳಿಯ ಮನೆಗಳು ಒಟ್ಟು ಖರ್ಚಿನ ಶೇಕಡಾ 9.62ನ್ನು ಪಾನೀಯ, ತಿಂಡಿ ಮತ್ತು ಸಿದ್ಧ ಆಹಾರಕ್ಕೆ ಕೊಟ್ಟವು. ಅಕ್ಕಿ-ಗೋಧಿ ಮೊದಲಾದ ಧಾನ್ಯಕ್ಕೆ ಕೊಟ್ಟದ್ದು 4.91. ಅಕ್ಕಿಯ ಎರಡರಷ್ಟನ್ನು ಅಂಗಡಿ ತಿಂಡಿಗೆ ಕೊಡುವ ಹಳ್ಳಿಗಳನ್ನು ನಮ್ಮ ಅಜ್ಜಂದಿರು ಊಹಿಸಿರಲಾರರು.

ಇನ್ನು ಹೆದ್ದಾರಿ. ತಲಪಾಡಿಯಿಂದ ಚೆಂಗಳದವರೆಗಿನ ಷಟ್ಪಥ ಕಾಮಗಾರಿಯ ಬಳಿಕ ರಸ್ತೆಯ ಈ ಬದಿಯಿಂದ ಆ ಬದಿಗೆ ಹೋಗುವುದೇ ಒಂದು ಪ್ರಯಾಣ. ಹಿಂದೆ ನಾಲ್ಕು ಹೆಜ್ಜೆ ನಡೆದು ದಾಟುತ್ತಿದ್ದಲ್ಲಿ ಈಗ ಅಡಿಗಟ್ಟೆಯವರೆಗೆ ಸುತ್ತಬೇಕು. ಸುತ್ತುವುದಕ್ಕೆ ನಡೆಯುವವರು ಕಡಿಮೆ, ಆಟೋ ಹತ್ತುವವರು ಹೆಚ್ಚು. ಆಚೆ ಬದಿಯ ಊಟದ ಹೋಟೆಲಿಗೆ ಈಚೆ ಬದಿಯ ಗಿರಾಕಿ ತಪ್ಪಿದ. ಈಚೆ ಬದಿಯ ಗಾಜಿನ ಪೆಟ್ಟಿಗೆಯಲ್ಲಿ ಬಲ್ಬು ಉರಿಸಿ ಬೆಚ್ಚಗಿಟ್ಟ ಪಫ್ಸಿಗೆ ಅವನು ಸಿಕ್ಕಿದ. ಎಂಜಿನಿಯರರ ನಕ್ಷೆಯಲ್ಲಿ ಈ ಲೆಕ್ಕ ಇರುವುದಿಲ್ಲ.

ಕಾನೂನು ಏನು ಮಾಡುತ್ತಿದೆ ಎಂದು ಓದುಗರು ಕೇಳಬಹುದು. ಮಾಡಿಲ್ಲವೆಂದಲ್ಲ, ಮಾಡಿದ್ದೆಲ್ಲ ಈ ದಾರಿಯ ಆಚೆಗೇ ಬಿದ್ದಿದೆ. 2016ರ ಜುಲೈ ತಿಂಗಳ ಬಜೆಟ್ಟಿನಲ್ಲಿ ಕೇರಳದ ಹಣಕಾಸು ಸಚಿವ ಥೋಮಸ್ ಐಸಕ್ ಅವರು ಬರ್ಗರ್, ಪಿಜ್ಜಾ ಮುಂತಾದವುಗಳ ಮೇಲೆ ಶೇಕಡಾ 14.5 ತೆರಿಗೆ ಹಾಕಿದರು. ದೇಶದಲ್ಲೇ ಮೊದಲು, ಕೊಬ್ಬಿನ ತೆರಿಗೆ ಎಂದು ಪತ್ರಿಕೆಗಳು ಬಣ್ಣಿಸಿದವು. ತೆರಿಗೆ ಬಿದ್ದದ್ದು ಬ್ರಾಂಡು ಹೆಸರಿನ ರೆಸ್ಟೋರೆಂಟುಗಳಿಗೆ ಮಾತ್ರ. ಬದಿಯಡ್ಕದವನು ಬರ್ಗರ್ ತಿಂದು ದಪ್ಪಗಾದವನಲ್ಲ. ಅವನ ಪೊರೋಟಕ್ಕೆ, ಪಫ್ಸಿಗೆ, ಹಲ್ವಕ್ಕೆ ಆ ತೆರಿಗೆಯ ಗಾಳಿಯೂ ಸೋಕಲಿಲ್ಲ. ವರ್ಷ ತುಂಬುವ ಹೊತ್ತಿಗೆ, 2017ರ ಜುಲೈ 1ರಂದು ಜಿ.ಎಸ್.ಟಿ. ಬಂದು ಅದನ್ನೂ ನುಂಗಿತು.

ಪೊರೋಟದ ಕಥೆ ಇನ್ನೂ ಸ್ವಾರಸ್ಯದ್ದು. ಪೊಟ್ಟಣದಲ್ಲಿ ಮಾರುವ ಮಲಬಾರ್ ಪೊರೋಟ ರೊಟ್ಟಿಯ ಜಾತಿಗೆ ಸೇರುವುದಿಲ್ಲ, ಆದ್ದರಿಂದ ಶೇಕಡಾ 18 ತೆರಿಗೆ ಎಂದು 2020ರಲ್ಲಿ ಕರ್ನಾಟಕದ ಮುಂಗಡ ತೀರ್ಮಾನ ಪ್ರಾಧಿಕಾರ ಹೇಳಿತು. ಸೇರುತ್ತದೆ, ಶೇಕಡಾ 5 ಸಾಕು ಎಂದು 2024ರ ಏಪ್ರಿಲಿನಲ್ಲಿ ಕೇರಳ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ಹೇಳಿತು. 2025ರ ಸೆಪ್ಟೆಂಬರ್ 22ರಿಂದ ಅದಕ್ಕೆ ತೆರಿಗೆಯೇ ಇಲ್ಲ. ಬಿಸ್ಕತ್ತು, ಕೇಕುಗಳಿಗೂ 18ರಿಂದ 5ಕ್ಕೆ ಇಳಿಯಿತು. ಸಕ್ಕರೆ ಬೆರೆತ ಗ್ಯಾಸಿನ ಪಾನೀಯಗಳಿಗೆ ಮಾತ್ರ 40. ಮೈದಾ ಹಿಟ್ಟನ್ನು ನಾದಿ, ಬೀಸಿ, ಸುರುಳಿ ಸುತ್ತಿ ಹೆಂಚಿಗೆ ಹಾಕಿದ್ದು ರೊಟ್ಟಿಯೋ ಅಲ್ಲವೋ ಎಂದು ಐದು ವರ್ಷ ವಾದಿಸಿದ ನಮ್ಮ ವೃತ್ತಿಬಾಂಧವರ ಪಾಂಡಿತ್ಯಕ್ಕೆ ನಮಸ್ಕಾರ. ಅದು ಹೊಟ್ಟೆಗೆ ಹೋದ ಮೇಲೆ ಏನಾಗುತ್ತದೆಂಬುದು ವಾದಾಂಶವಾಗಲಿಲ್ಲ, ಆಗುವಂತೆಯೂ ಇರಲಿಲ್ಲ.

ತಿನಿಸಿನ ಕ್ಯಾಲರಿಯನ್ನು ಪಟ್ಟಿಯಲ್ಲಿ ಬರೆದು ತೋರಿಸಬೇಕೆಂಬ ಆಹಾರ ಸುರಕ್ಷಾ ಪ್ರಾಧಿಕಾರದ ನಿಯಮ 2022ರ ಜುಲೈಯಿಂದ ಜಾರಿಯಲ್ಲಿದೆ. ಕೇಂದ್ರ ಪರವಾನಿಗೆ ಇರುವ ಅಥವಾ ಹತ್ತು ಮತ್ತು ಹೆಚ್ಚು ಮಳಿಗೆಗಳಿರುವ ಸಂಸ್ಥೆಗಳಿಗೆ ಅದು ಅನ್ವಯ. ದಾರಿಬದಿಯ ಒಂಟಿ ಬೇಕರಿಗೆ ಅಲ್ಲ. ಪೊಟ್ಟಣದ ತಿಂಡಿಗೆ ವಿವರಪಟ್ಟಿ ಇದೆಯಲ್ಲ ಎನ್ನಬಹುದು. ಇದೆ, ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ. ಉಳಿದ ಭಾಷೆ ಹಾಕುವುದು ಬಿಡುವುದು ಕಂಪೆನಿಯ ಇಷ್ಟ. ಭೂ ಕಂದಾಯದ ರಶೀದಿ ಕನ್ನಡದಲ್ಲಿ ಬೇಕೆಂದು ಅರ್ಜಿ ಹಿಡಿದು ಓಡಾಡುವ ನಾವು, ಕನ್ನಡ ಮಾತ್ರ ಬಲ್ಲ ನಮ್ಮ ಮನೆಯ ಹಿರಿಯರು ಪೊಟ್ಟಣದ ಹಿಂಬದಿಯ ಸಕ್ಕರೆಯ ಸಾಲನ್ನು ಓದಲಾರರೆಂಬುದನ್ನು ಎತ್ತಿ ಆಡಿದ್ದು ನಾನು ಕೇಳಿಲ್ಲ. ಪೊಟ್ಟಣದ ಮುಂಬದಿಯಲ್ಲಿ ನಕ್ಷತ್ರ ಹಾಕಬೇಕೆಂಬ ಕರಡು 2022ರಲ್ಲಿ ಹೊರಬಂತು; ಮುಂಬದಿಯ ಎಚ್ಚರಿಕೆಯ ವಿಚಾರವನ್ನು ಮೂರು ತಿಂಗಳಲ್ಲಿ ಮುಗಿಸಿ ಎಂದು 2025ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ನಕ್ಷತ್ರಕ್ಕಿಂತ ಅಕ್ಷರ ಬೇಕು, ಅದೂ ಓದುವವನ ಅಕ್ಷರ, ಎಂಬುದು ನನ್ನ ಅಭಿಪ್ರಾಯ.

2022ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದು ಶಾಲಾ ಬಾಲಕಿಯೊಬ್ಬಳು ತೀರಿಕೊಂಡಾಗ ರಾಜ್ಯವೆಲ್ಲ ತಪಾಸಣೆ ನಡೆಯಿತು. ನಡೆಯಬೇಕಾದ್ದೇ. ಒಂದೇ ದಿನದಲ್ಲಿ ಕೊಲ್ಲುವ ಆಹಾರ ಕಾನೂನಿನ ಕಣ್ಣಿಗೆ ಬೀಳುತ್ತದೆ. ಇಪ್ಪತ್ತು ವರ್ಷ ತೆಗೆದುಕೊಳ್ಳುವುದಕ್ಕೆ ಮಹಜರು ಬರೆಯುವುದು ಎಲ್ಲಿ, ಯಾರ ಮೇಲೆ?

ಇಷ್ಟು ಹೇಳಿದ ಮೇಲೆ ನನ್ನ ಕಸುಬಿನಿಂದ ಕಂಡ ಒಂದು ಸಂಗತಿಯನ್ನು ಬರೆಯಬೇಕು. ಈ ಲೇಖನ ಬರೆದದ್ದೇ ಅದಕ್ಕಾಗಿ. ಅಂಗಡಿ ಕೋಣೆಗಳ ಬಾಡಿಗೆ ಕರಾರು ಬರೆಯುವುದು ಸಣ್ಣ ಊರಿನ ವಕೀಲನ ನಿತ್ಯದ ಕೆಲಸ. ಕರಾರಿನಲ್ಲಿ ಕೋಣೆಯನ್ನು ಯಾವ ವ್ಯಾಪಾರಕ್ಕೆ ಉಪಯೋಗಿಸಬೇಕೆಂಬ ಒಂದು ಸಾಲು ಇರುತ್ತದೆ. ನಾನು ಕಪ್ಪು ಕೋಟು ಹಾಕಿದ ಮೊದಲ ವರ್ಷಗಳಲ್ಲಿ ಆ ಸಾಲಿನಲ್ಲಿ ಬರೆಯುತ್ತಿದ್ದದ್ದು ಜಿನಸು, ಬಟ್ಟೆ, ಹೊಲಿಗೆ, ಚಹಾ-ಊಟದ ಹೋಟೆಲು. ಬರಬರುತ್ತಾ ಮೊಬೈಲು ಬಂತು, ಬೇಕರಿ ಬಂತು, ಈಗ ಬೇಕರಿ ಮತ್ತು ಕೂಲ್‌ಬಾರ್ ಎಂದು ಒಟ್ಟಿಗೇ ಬರೆಯುತ್ತೇನೆ. ಯಾರೂ ಸಂಚು ಹೂಡಿದ್ದಲ್ಲ. ಬಾಡಿಗೆ ಏರುತ್ತಾ ಹೋಯಿತು, ಆ ಬಾಡಿಗೆಯನ್ನು ತೆರಬಲ್ಲ ತಿನಿಸು ಉಳಿಯಿತು. ಗಂಜಿಗೆ ಅಡುಗೆಮನೆ ಬೇಕು, ನೀರು ಬೇಕು, ಪಾತ್ರೆ ತೊಳೆಯುವವರು ಬೇಕು, ಕುಳಿತುಕೊಳ್ಳಲು ಬೆಂಚು ಬೇಕು. ಉಣ್ಣುವವನು ಇಪ್ಪತ್ತು ನಿಮಿಷ ಬೆಂಚು ಹಿಡಿಯುತ್ತಾನೆ. ನಿಂತು ತಿನ್ನುವವನಿಗೆ ನಾಲ್ಕು ನಿಮಿಷ ಸಾಕು. ಮಧ್ಯಾಹ್ನ ಮೂರರ ಮೇಲೆ ಉಳಿದ ಗಂಜಿ ದನಕ್ಕೆ; ಉಳಿದ ಚಿಪ್ಸು ನಾಳೆಗೆ, ಬಿಸ್ಕತ್ತು ಬರುವ ತಿಂಗಳಿಗೆ. ಮೈದಾ, ಸಕ್ಕರೆ, ಎಣ್ಣೆಗಳು ಕಡಿಮೆ ಜಾಗದಲ್ಲಿ, ಕಡಿಮೆ ಜನರಲ್ಲಿ, ಹೆಚ್ಚು ದಿನ ಬಾಳುತ್ತವೆ. ನಾಲಿಗೆಯ ಆಸೆಗಿಂತ ಕೋಣೆಯ ಬಾಡಿಗೆಯೇ ನಮ್ಮ ಪೇಟೆಯ ತಿಂಡಿಯನ್ನು ಆರಿಸುತ್ತಿದೆ ಎಂದು ನನಗೆ ತೋರುತ್ತದೆ.

ಖಾಸಗಿ ಕಟ್ಟಡದವನಿಗೆ ನಾವೇನೂ ಹೇಳಲಾಗದು. ಆದರೆ ಬಸ್ ನಿಲ್ದಾಣಗಳ ಪಕ್ಕದ ಕೋಣೆಗಳಿಗೆ ಎಷ್ಟೋ ಕಡೆ ಪಂಚಾಯತೇ ಧಣಿ. ಈ ದಾರಿಯ ಒಂದು ಪಂಚಾಯತಿನ ಅಂಥ ಒಂದು ಕೋಣೆಯಲ್ಲಿ ಕುಟುಂಬಶ್ರೀಯ ನಾಲ್ವರು ಹೆಂಗಸರು ಮಧ್ಯಾಹ್ನದ ಊಟ ಬಡಿಸುತ್ತಾರೆ. ಜನಕೀಯ ಹೋಟೆಲಾಗಿ ಆರಂಭವಾದದ್ದು. ಕುಚ್ಚಿಲಕ್ಕಿ ಅನ್ನ, ಸಾಂಬಾರು, ಒಂದು ಪಲ್ಯ, ಉಪ್ಪಿನಕಾಯಿ, ಇಪ್ಪತ್ತು ರೂಪಾಯಿ. ಊಟಕ್ಕೆ ಹತ್ತು ರೂಪಾಯಿಯಂತೆ ಸರಕಾರ ಕೊಡುತ್ತಿದ್ದ ಸಹಾಯಧನ 2023ರ ಆಗಸ್ಟಿನಿಂದ ನಿಂತಿತು, ಊಟ ಮೂವತ್ತಾಯಿತು. ಬರ್ಗರಿಗೆ ತೆರಿಗೆ ಹಾಕಿ ಹೊಗಳಿಸಿಕೊಂಡ ರಾಜ್ಯವೇ ಅನ್ನದ ಹತ್ತು ರೂಪಾಯಿಯನ್ನು ಹಿಂದೆ ತೆಗೆದುಕೊಂಡದ್ದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಆದರೂ ಅವರು ಬಾಗಿಲು ಹಾಕಿಲ್ಲ. ಮಜ್ಜಿಗೆ ಸೇರಿಸಿದರು, ಶನಿವಾರ ಗಂಜಿ-ಚಟ್ನಿ ಇಟ್ಟರು, ಪುನರ್ಪುಳಿಯ ಸಾರು ಬೇಸಗೆಯಲ್ಲಿ ಸಿಗುತ್ತದೆ. ಆಟೋದವರು, ಬ್ಯಾಂಕಿನವರು, ಆಸ್ಪತ್ರೆಗೆ ಬಂದವರು ಅಲ್ಲಿಯ ಗಿರಾಕಿಗಳು.

ಕೋಣೆಯ ಅವಧಿ ಈ ಮಾರ್ಚಿಗೆ ಮುಗಿಯುತ್ತದೆ. ಮುಂದೆ ಬಹಿರಂಗ ಹರಾಜು, ಹೆಚ್ಚು ಕೂಗಿದವರಿಗೆ ಕೋಣೆ. ಸುತ್ತಿನ ಬೇಕರಿಯವರು ಕೂಗಬಹುದಾದ ಮೊತ್ತದ ಅರ್ಧಕ್ಕೂ ಈ ಹೆಂಗಸರ ಶಕ್ತಿ ಏರುವುದಿಲ್ಲ.

“ವಕೀಲರೇ, ಗಂಜಿ ಮಾರಿ ಅಷ್ಟು ಬಾಡಿಗೆ ಹುಟ್ಟುವುದಿಲ್ಲ” ಎಂದರು ಅಡುಗೆಯ ಹೊಣೆ ಹೊತ್ತ ಅಕ್ಕ. “ಊಟಕ್ಕೆ ಮೂವತ್ತೈದು ಹೇಳಿದರೆ ಜನ ಮುಖ ನೋಡುತ್ತಾರೆ. ಬೇಕರಿಯಲ್ಲಿ ನಲ್ವತ್ತು ಕೊಟ್ಟು ಎರಡು ಪಫ್ಸ್ ತಿಂದವರು ಕ್ರಯದ ಮಾತೇ ಎತ್ತುವುದಿಲ್ಲ.”

“ನಾವೂ ಒಂದು ಬದಿಯಲ್ಲಿ ಪಫ್ಸ್ ಇಟ್ಟರೆ ಹೇಗೆ ಅಣ್ಣ?” ಎಂದು ಇನ್ನೊಬ್ಬಾಕೆ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಲೆಕ್ಕದ ದೃಷ್ಟಿಯಿಂದ ಅವಳ ಸಲಹೆ ಸರಿಯಾದದ್ದೇ.

ಪಂಚಾಯತಿನ ಸದಸ್ಯರನ್ನು ಕೇಳಿದೆ. ಕೆಟ್ಟ ಮನಸ್ಸಿನವರಲ್ಲ. ಕಡಿಮೆ ಕೂಗಿದವರಿಗೆ ಕೊಟ್ಟರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬರುತ್ತದೆ, ನಷ್ಟವನ್ನು ನಮ್ಮ ತಲೆಗೆ ಕಟ್ಟುತ್ತಾರೆ ಎಂಬುದು ಅವರ ಭಯ. ಭಯಕ್ಕೆ ಆಧಾರವಿದೆ. ಆದರೆ ಕಾನೂನು ಅವರು ತಿಳಿದಷ್ಟು ಗಟ್ಟಿಯಾಗಿ ಕೈಕಟ್ಟಿಲ್ಲ. ಪೌಷ್ಟಿಕತೆಯ ಮಟ್ಟವನ್ನೂ ಜನಾರೋಗ್ಯವನ್ನೂ ಉತ್ತಮಪಡಿಸುವುದು ರಾಜ್ಯದ ಮೊದಲ ಕರ್ತವ್ಯಗಳಲ್ಲಿ ಒಂದೆಂದು ಸಂವಿಧಾನದ 47ನೆಯ ವಿಧಿ ಹೇಳುತ್ತದೆ, ಪಂಚಾಯತೂ ರಾಜ್ಯವೇ. ನೈಸರ್ಗಿಕ ಸಂಪತ್ತಿನ ಹಂಚಿಕೆಯ ಕುರಿತ ರಾಷ್ಟ್ರಪತಿಗಳ ಪ್ರಶ್ನೆಗೆ ಉತ್ತರವಾಗಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ಹರಾಜೊಂದೇ ಸಂವಿಧಾನಬದ್ಧ ದಾರಿಯಲ್ಲ, ಸಾರ್ವಜನಿಕ ಹಿತ ಸಾಧಿಸುವ ಬೇರೆ ವಿಧಾನಗಳೂ ಇರಬಹುದು ಎಂದಿದೆ. ಅಲ್ಲಿ ವಿಷಯ ತರಂಗಾಂತರ ಮತ್ತು ಖನಿಜ, ಇಲ್ಲಿ ಹತ್ತಡಿ ಅಗಲದ ಕೋಣೆ. ಆದರೂ ತರ್ಕವನ್ನು ಇಲ್ಲಿಗೆ ಎಳೆಯಬಹುದೆಂದು ನನ್ನ ನಂಬಿಕೆ. ಹರಾಜನ್ನು ಕೈಬಿಡಬೇಕೆಂದೂ ನಾನು ಹೇಳಿಲ್ಲ. ನಿಲ್ದಾಣದ ಕೋಣೆಗಳಲ್ಲಿ ಒಂದನ್ನು ಊಟಕ್ಕೆಂದೇ ಮೊದಲು ಬೇರ್ಪಡಿಸಿ, ಆಮೇಲೆ ಊಟ ಬಡಿಸುವವರ ನಡುವೆಯೇ ಹರಾಜು ಮಾಡ. ಹೆಚ್ಚು ಕೂಗಿದವರಿಗೇ ಕೊಡಿ. ಆಕ್ಷೇಪಕ್ಕೆ ಎಡೆ ಇಲ್ಲ.

ಬರೆದುಕೊಟ್ಟ ಷರತ್ತು ಸಣ್ಣದು. ಕೆಲಸದ ದಿನಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಅನ್ನ ಅಥವಾ ಗಂಜಿ, ಒಂದು ತರಕಾರಿ ಪಲ್ಯ, ಬೇಳೆ ಅಥವಾ ಮೀನಿನ ಒಂದು ಪದಾರ್ಥ ಬಡಿಸತಕ್ಕದ್ದು. ಸಕ್ಕರೆ ಹಾಕದ ಮಜ್ಜಿಗೆ ಅಥವಾ ಕುಡಿಯುವ ನೀರು ಕೇಳಿದವರಿಗೆ ಸಿಗತಕ್ಕದ್ದು. ಗಾಜಿನ ಪೆಟ್ಟಿಗೆಯಲ್ಲಿ ಕರಿದ ತಿಂಡಿ ಇಡತಕ್ಕದ್ದಲ್ಲ. ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇನೆ. ಒಬ್ಬ ಸದಸ್ಯರು ಕೊನೆಯ ವಾಕ್ಯಕ್ಕೆ ಅಡ್ಡಗೆರೆ ಎಳೆದರು. ಸಂಜೆ ನಾಲ್ಕರ ಗೋಳಿಬಜೆಯನ್ನಾದರೂ ಬಿಡಬಾರದೇ ಎಂಬುದು ಅವರ ವಾದ. ಒಪ್ಪಿಕೊಂಡು, ಸಂಜೆ ನಾಲ್ಕರ ಮೊದಲು ಎಂದು ತಿದ್ದಿದೆವು.

ಬರುವ ತಿಂಗಳಿಗೆ ಅಕ್ಕಿ ಹೇಳಬೇಕೋ ಬೇಡವೋ ಎಂದು ಆ ಅಕ್ಕ ನಿನ್ನೆ ಫೋನು ಮಾಡಿ ಕೇಳಿದರು. ಆಡಳಿತ ಸಮಿತಿಯ ಸಭೆ ಬರುವ ಗುರುವಾರ ಹನ್ನೊಂದಕ್ಕೆ ಇದೆ. ಕಾರ್ಯಸೂಚಿಯಲ್ಲಿ ಈ ಷರತ್ತು ಏಳನೆಯದು.